ಫಾರ್ವರ್ಡ್ ಸಾಕು, ಆರು ವಾರಕ್ಕೊಂದು ಮೂಲೆ ಕೊಡಿ

ಮೊನ್ನೆ ಮತ್ತೆ ಬಂತು ಆ ಮೆಸೇಜು. ಕಾಲು ಮುರಿದ ನಾಯಿಯ ಫೋಟೋ, ಕೆಳಗೆ ಸಾಲಾಗಿ ಕೈಮುಗಿಯೋ ಚಿತ್ರಗಳು, "ಬಲ್ಲಾಳ್ ಸರ್ಕಲ್ ಹತ್ತಿರ, ಯಾರಾದ್ರೂ ದಯವಿಟ್ಟು ಕಾಪಾಡಿ, ಅರ್ಜೆಂಟ್" ಅಂತ. ಬೆಳಗ್ಗೆ ಏಳರಿಂದ ಹತ್ತರೊಳಗೆ ಐದು ಗುಂಪುಗಳಿಂದ ಐದು ಸಲ ಬಂತು. ಐದನೆಯದನ್ನು ಕಳಿಸಿದವರು ಸರ್ಕಲ್‌ನಿಂದ ಎರಡು ಕ್ರಾಸ್ ಆಚೆ ಇರೋರು. ಫೋನ್ ಮಾಡಿ "ನೀವೇ ಒಂದ್ಸಲ ಹೋಗಿ ನೋಡಬಹುದಿತ್ತಲ್ಲ" ಅಂದೆ. "ನೋಡಿದೆ ಕಣ್ರೀ, ಫೋಟೋ ತೆಗೆದಿದ್ದೇ ನಾನು" ಅಂದರು!

ನಗು ಬರಲಿಲ್ಲ. ಯಾಕಂದ್ರೆ ಹಿಂದೆ ನಾನೂ ಹಾಗೇ ಇದ್ದೆ.

ನಮ್ಮ ಬೀದಿಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಯಾರ ನಾಯಿಯೂ ಅಲ್ಲ, ಎಲ್ಲರ ನಾಯಿ. ಒಂದು ದಿನ ಹಿಂಗಾಲಿನ ನಡುವೆ ರಕ್ತ ತೊಟ್ಟಿಕ್ಕುತ್ತಿತ್ತು. ಪಕ್ಕದ ಬೀದಿಯಲ್ಲಿ ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ಆಟೋದಲ್ಲಿ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋದ. ಗಡ್ಡೆ ಇದೆ, ಗುಣವಾಗೋ ಗಡ್ಡೆ, ವಾರಕ್ಕೊಂದು ಸೂಜಿ ಹಾಕಿಸಬೇಕು, ಆರು ವಾರ ತಪ್ಪಿಸಬಾರದು ಅಂದರಂತೆ. ನಾವು ಬೀದಿಯವರೆಲ್ಲ ಸೇರಿ ದುಡ್ಡು ಹಾಕಿದೆವು. ದುಡ್ಡು ಅರ್ಧ ದಿನದಲ್ಲಿ ಸೇರಿತು. ಎಲ್ಲರೂ ನಮ್ಮ ಬಗ್ಗೆ ನಾವೇ ಬಹಳ ಹೆಮ್ಮೆಪಟ್ಟುಕೊಂಡೆವು.

ಆಮೇಲೆ ಆ ಹುಡುಗ ಒಂದೇ ಒಂದು ಪ್ರಶ್ನೆ ಕೇಳಿದ. "ಆಂಟಿ, ಆರು ವಾರ ಇವನನ್ನ ಎಲ್ಲಾದ್ರೂ ಕಟ್ಟಿಹಾಕಿಕೊಳ್ಳೋಕೆ ಆಗುತ್ತಾ? ಬೀದೀಲಿ ಬಿಟ್ರೆ ಭಾನುವಾರ ಸಿಗಲ್ಲ."

ಆಗ ನೋಡಬೇಕಿತ್ತು ನಮ್ಮ ಬೀದಿಯನ್ನು. ಒಬ್ಬರ ಮನೆಯಲ್ಲಿ ಮಗು, ಇನ್ನೊಬ್ಬರ ಮನೆಯಲ್ಲಿ ಮಡಿ, ಮತ್ತೊಬ್ಬರದು ಬಾಡಿಗೆ ಮನೆ. ನಾನು "ಜಾಗ ಇಲ್ಲಪ್ಪ" ಅಂದೆ. ನಮ್ಮ ಮನೆ ಹಿಂದೆ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೂಲೆ ಇದೆ. ಶೀಟು ಹಾಕಿದೆ, ಬಾಗಿಲೂ ಇದೆ. ಅಲ್ಲಿ ಆಗ ಹಳೇ ಪೇಪರು ಮತ್ತು ಕೆಟ್ಟುಹೋದ ಮಿಕ್ಸಿ ಇದ್ದವು.

ಮೂರು ಭಾನುವಾರ ಆ ಹುಡುಗ ಹೇಗೋ ಹಿಡಿದುಕೊಂಡು ಹೋದ. ನಾಲ್ಕನೆಯ ಭಾನುವಾರ ಕರಿಯ ಸಿಗಲಿಲ್ಲ. ಐದನೆಯ ಭಾನುವಾರವೂ ಸಿಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಸಿಕ್ಕಾಗ ಗಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು, ಹುಳ ಬಿದ್ದಿತ್ತು, ಮೂತ್ರ ಕಟ್ಟಿತ್ತು. ಡಾಕ್ಟರು ನೋವಿಲ್ಲದ ಸಾವು ಕೊಟ್ಟರು. ಔಷಧಿ ಇತ್ತು, ಡಾಕ್ಟರ್ ಇದ್ದರು, ದುಡ್ಡು ಇತ್ತು. ಒಂದು ಭಾನುವಾರದಿಂದ ಇನ್ನೊಂದು ಭಾನುವಾರದವರೆಗೆ ಮಲಗೋಕೆ ಒಂದು ಮೂಲೆ ಇರಲಿಲ್ಲ. ಕರಿಯ ಸತ್ತಿದ್ದು ಗಡ್ಡೆಯಿಂದ ಅಂತ ಹೇಳೋಕೆ ನನಗೆ ಇವತ್ತಿಗೂ ಬಾಯಿ ಬರಲ್ಲ.

ಅದಕ್ಕೇ ಈ ಸಿಟ್ಟು. ಮೈಸೂರಿನಲ್ಲಿ ಬೀದಿ ನಾಯಿಗಳ ಮೇಲೆ ಕನಿಕರಕ್ಕೇನೂ ಬರ ಇಲ್ಲ. ಬರ ಇರೋದು ಮೂಲೆಗೆ. ನನ್ನ ವಾದ ಇಷ್ಟೇ.

*

ಮೊದಲು ಈ "ದತ್ತು" ಅನ್ನೋ ಪದದ ವಿಷಯ ಮಾತಾಡೋಣ. ಈ ಪದದ ಬೆಲೆ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತಗೊಂಡ ಹುಡುಗನೇ ಮುಂದೆ ಹತ್ತನೇ ಚಾಮರಾಜ ಒಡೆಯರಾಗಿದ್ದು. ಆ ದತ್ತನ್ನು ಒಪ್ಪೋಕೆ ಬ್ರಿಟಿಷರು ಎರಡು ವರ್ಷ ಸತಾಯಿಸಿದರು. 1881ರಲ್ಲಿ ರಾಜ್ಯ ವಾಪಸ್ ಬಂದಿದ್ದು ಆ ದತ್ತುಪುತ್ರನ ಕೈಗೆ. 2015ರಲ್ಲಿ ಯದುವೀರರ ದತ್ತು ಸ್ವೀಕಾರ ಆದಾಗ ಊರಿಗೆ ಊರೇ ಟಿ.ವಿ. ಮುಂದೆ ಕೂತಿತ್ತು. ದತ್ತು ಅಂದ್ರೆ ಮನೆಯೊಳಗೆ ತಂದು, ಹೆಸರು ಕೊಟ್ಟು, ಕೊನೆತನಕ ನಮ್ಮದು ಅನ್ನೋದು.

ಅದೇ ಚಾಮರಾಜ ಒಡೆಯರು 1892ರಲ್ಲಿ ನಮ್ಮ ಮೃಗಾಲಯ ಶುರು ಮಾಡಿಸಿದರು. ಈಗ ಅಲ್ಲಿ ಪ್ರಾಣಿ ದತ್ತು ಯೋಜನೆ ಇದೆ. ದುಡ್ಡು ಕಟ್ಟಿದರೆ ನಿಗದಿತ ಅವಧಿಗೆ ಹುಲಿಯೋ ಜಿರಾಫೆಯೋ ನಿಮ್ಮ ಹೆಸರಿನಲ್ಲಿ ಊಟ ಮಾಡುತ್ತೆ, ಬೋರ್ಡಿನಲ್ಲಿ ನಿಮ್ಮ ಹೆಸರು ಬರುತ್ತೆ. ಒಳ್ಳೇ ಕೆಲಸ. ಕೊರೋನಾ ಕಾಲದಲ್ಲಿ ಗೇಟು ಮುಚ್ಚಿ ಆದಾಯ ನಿಂತಾಗ ಆ ದತ್ತಿನ ದುಡ್ಡು ಮೃಗಾಲಯದ ಕೈ ಹಿಡೀತು. ನನ್ನ ತಕರಾರು ಮೃಗಾಲಯದ ಮೇಲಲ್ಲ, ನಮ್ಮ ತಲೆಯಲ್ಲಿ ಆ ಪದಕ್ಕೆ ಆಗಿರೋ ಗತಿಯ ಮೇಲೆ. ಪ್ರಾಣಿ ದತ್ತು ಅಂದ್ರೆ ದುಡ್ಡು ಕೊಡೋದು, ಸರ್ಟಿಫಿಕೇಟ್ ಹಿಡಿದು ಫೋಟೋ ತೆಗೆಸಿಕೊಳ್ಳೋದು, ಪ್ರಾಣಿಯನ್ನು ಅಲ್ಲೇ ಬಿಟ್ಟು ಮನೆಗೆ ಬರೋದು ಅಂತ ನಮಗೆ ಅಭ್ಯಾಸವಾಗಿಬಿಟ್ಟಿದೆ. ಹುಲಿಗೆ ಅದು ಸರಿ. ನಾಯಿಗೆ? ನಾಯಿಗೆ ಬೇಕಾದದ್ದು ಬೋರ್ಡ್ ಅಲ್ಲ, ಗೋಣಿಚೀಲ ಹಾಸಿದ ಒಂದು ಜಾಗ.

ಇನ್ನು ಕಾಪಾಡೋದಕ್ಕೂ ದತ್ತು ಕೊಡೋದಕ್ಕೂ ನಡುವೆ ಒಂದು ಕಾಲ ಇದೆ. ಅದಕ್ಕೆ ಫಾಸ್ಟರಿಂಗ್ ಅಂತ ಹೆಸರಿಟ್ಟು ಏನೋ ವಿದೇಶಿ ಶೋಕಿ ಅನ್ನೋ ಹಾಗೆ ಮಾತಾಡ್ತಾರೆ. ಯಾಕ್ರೀ ಶೋಕಿ? ನಮ್ಮಲ್ಲಿ ಬಾಣಂತನ ಇಲ್ವಾ? ಮಗಳು ಬರ್ತಾಳೆ, ಮೂರೋ ಐದೋ ತಿಂಗಳು ಇರ್ತಾಳೆ, ಕತ್ತಲೆ ಕೋಣೆ, ಬಿಸಿನೀರು, ಪಥ್ಯ, ರಾತ್ರಿ ಎದ್ದು ಕೂರೋದು ಎಲ್ಲ ಆಗುತ್ತೆ. ಆಮೇಲೆ ಅರಿಶಿನ ಕುಂಕುಮ ಕೊಟ್ಟು ಅವಳ ಮನೆಗೆ ಕಳಿಸ್ತೀವಿ. ಯಾವ ತಾಯಿಯೂ "ಆಮೇಲೆ ಕಳಿಸಬೇಕಲ್ಲ, ಹಾಗಾಗಿ ಬಾಣಂತನ ಮಾಡಲ್ಲ" ಅನ್ನಲ್ಲ. ನಾಯಿ ವಿಷಯದಲ್ಲಿ ಮಾತ್ರ ಈ ಮಾತು ದಿನಾ ಕೇಳ್ತೀನಿ: "ಇಟ್ಕೊಂಡ್ರೆ ಬಿಡೋಕಾಗಲ್ಲ ಕಣ್ರೀ, ನಮಗೆ ಪ್ರೀತಿ ಜಾಸ್ತಿ." ಪ್ರೀತಿ ಜಾಸ್ತಿ, ಅದಕ್ಕೇ ನಾಯಿ ಬೀದೀಲಿ! ಎಂಥಾ ಲೆಕ್ಕ.

*

ಕೆಂಪಿ ಬಂದಿದ್ದು 2025ರ ಆಗಸ್ಟಿನಲ್ಲಿ. ಕರಿಯನಿಗೆ ಇದ್ದದ್ದೇ ರೋಗ. ಈ ಸಲ ಹಳೇ ಪೇಪರು ತೂಕಕ್ಕೆ ಹಾಕಿ ಮೂಲೆ ಖಾಲಿ ಮಾಡಿದೆ.

ಈ ರೋಗದ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ವೈರಸ್ಸಿನಿಂದ ಬರೋದಲ್ಲ. ಗಡ್ಡೆಯ ಜೀವಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಹೆಚ್ಚಾಗಿ ಕೂಡುವಾಗ, ಕೆಲವೊಮ್ಮೆ ಮೂಸಿದಾಗ, ನೆಕ್ಕಿದಾಗ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್, ಆ ನಾಯಿ ಸತ್ತು ಮಣ್ಣಾದರೂ, ಇವತ್ತಿಗೂ ಪ್ರಪಂಚದ ತುಂಬಾ ನಾಯಿಯಿಂದ ನಾಯಿಗೆ ದಾಟುತ್ತಾ ಬದುಕಿದೆ. ಮನುಷ್ಯರಿಗೆ ಅಂಟಲ್ಲ. ಮದ್ದಿನ ಹೆಸರು ವಿನ್‌ಕ್ರಿಸ್ಟಿನ್. ಅದು ಬರೋದು ನಮ್ಮ ಅಂಗಳದ ನಿತ್ಯಪುಷ್ಪದಿಂದ. ಹೌದು, ಪೂಜೆಗೆ ಕೀಳ್ತೀವಲ್ಲ, ಅದೇ ಗುಲಾಬಿ ಬಣ್ಣದ ಐದೆಸಳಿನ ಹೂವಿನ ಗಿಡ. ಮಕ್ಕಳ ರಕ್ತ ಕ್ಯಾನ್ಸರಿಗೂ ಇದೇ ಮದ್ದು. (ಹಾಗಂತ ಎಲೆ ಅರೆದು ಕುಡಿಸೋಕೆ ಹೋಗಬೇಡಿ, ಗಿಡ ವಿಷ.) ವಾರಕ್ಕೊಂದರಂತೆ ನಾಲ್ಕರಿಂದ ಆರು ಸೂಜಿ, ಕೆಲವಕ್ಕೆ ಇನ್ನೂ ಒಂದೆರಡು. ಕೋರ್ಸ್ ಮುಗಿಸಿದ ಹೆಚ್ಚಿನ ನಾಯಿಗಳು ಪೂರ್ತಿ ವಾಸಿಯಾಗುತ್ತವೆ. ಕ್ಯಾನ್ಸರುಗಳ ಪೈಕಿ ಇಷ್ಟು ಸುಲಭವಾಗಿ ಸೋಲೋದು ಅಪರೂಪ. ಮದ್ದೂ ದುಬಾರಿ ಅಲ್ಲ.

ಆದರೆ ಬೀದಿಯಲ್ಲಿ ಯಾಕೆ ಕಷ್ಟ ನೋಡಿ. ಸೂಜಿ ರಕ್ತನಾಳದೊಳಗೇ ಹೋಗಬೇಕು, ಹೊರಗೆ ಸೋರಿದರೆ ಅಲ್ಲಿನ ಚರ್ಮ, ಮಾಂಸ ಕೊಳೆಯುತ್ತೆ. ಅಂದರೆ ನಾಯಿ ಅಲ್ಲಾಡದೆ ನಿಲ್ಲಬೇಕು, ನಿಲ್ಲಬೇಕು ಅಂದರೆ ಹಿಡಿದವರ ಮೇಲೆ ನಂಬಿಕೆ ಇರಬೇಕು. ಪ್ರತಿ ಸಲ ಮೊದಲು ರಕ್ತ ಪರೀಕ್ಷೆ, ಯಾಕಂದ್ರೆ ಈ ಮದ್ದು ಬಿಳಿ ರಕ್ತಕಣ ಇಳಿಸುತ್ತೆ. ಕಣ ಕಮ್ಮಿ ಇದ್ದರೆ ಸೂಜಿ ಮುಂದಕ್ಕೆ. ಆ ದಿನಗಳಲ್ಲಿ ಬೇರೆ ನಾಯಿಗಳ ಜೊತೆ ಕಚ್ಚಾಡಿ ಗಾಯ ಮಾಡಿಕೊಂಡರೆ ಸೋಂಕು ಹಿಡಿಯುತ್ತೆ. ಊಟ ಬಿಡುತ್ತೆ, ವಾಂತಿ ಮಾಡುತ್ತೆ. ಸೂಜಿಯಾದ ಮೇಲೆ ಕೆಲವು ದಿನ ಉಚ್ಚೆ ಕಕ್ಕ ಬಳಿಯುವಾಗ ಗ್ಲೌಸ್ ಹಾಕಿಕೊಳ್ಳಬೇಕು. ಮಧ್ಯದಲ್ಲಿ ಬಿಟ್ಟರೆ ಗಡ್ಡೆ ತಿರುಗಿ ಬರುತ್ತೆ, ಬಂದಿದ್ದು ಮದ್ದಿಗೆ ಬಗ್ಗದೇ ಹೋಗಬಹುದು. ಇದರಲ್ಲಿ ಡಾಕ್ಟರ ಕೆಲಸ ವಾರಕ್ಕೆ ಹದಿನೈದು ನಿಮಿಷ. ಮಿಕ್ಕ ಆರು ದಿನ, ಇಪ್ಪತ್ಮೂರು ಮುಕ್ಕಾಲು ಗಂಟೆ ಮೂಲೆಯದ್ದು.

ಆಗಸ್ಟ್ 17ಕ್ಕೆ ಮೊದಲ ಸೂಜಿ. ಸೆಪ್ಟೆಂಬರ್ 21ಕ್ಕೆ, ಮಹಾಲಯ ಅಮಾವಾಸ್ಯೆ ದಿನ, ಆರನೆಯದು. ನಡುವೆ ಗೌರಿ ಗಣೇಶ ಹಬ್ಬ ಬಂತು. ರಕ್ತ ಸೋರೋ ನಾಯಿ ಹಿತ್ತಲಲ್ಲಿದೆ ಅಂತ ಗೊತ್ತಾಗಿ ಬಾಗಿನಕ್ಕೆ ಬರಬೇಕಾದ ಇಬ್ಬರು ಬರಲಿಲ್ಲ. ನಮ್ಮ ಅತ್ತೆ ಮಡಿಯವರು. ಕೆಂಪಿಯನ್ನು ಒಂದು ಸಲವೂ ಮುಟ್ಟಲಿಲ್ಲ, ಮುಟ್ಟು ಅಂತ ನಾನೂ ಹೇಳಲಿಲ್ಲ. ಆದರೆ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಆರು ಭಾನುವಾರಕ್ಕೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಶನಿವಾರ ರಾತ್ರಿಯೇ "ನಾಳೆ ಸೂಜಿ ಕಣೇ" ಅಂತ ನೆನಪಿಸಿದವರು ಅವರೇ. ಮಡಿ ಇದ್ದರೆ ಆಗಲ್ಲ ಅನ್ನೋರಿಗೆ ಇದನ್ನು ಹೇಳ್ತೀನಿ. ಮನೆಯ ಎಲ್ಲರೂ ನಾಯಿಯನ್ನು ಮುದ್ದಿಸಬೇಕಾಗಿಲ್ಲ. ಒಬ್ಬರು ಒಪ್ಪಿಕೊಂಡು, ಮಿಕ್ಕವರು ಸಹಿಸಿಕೊಂಡರೆ ಆರು ವಾರ ಕಳೆಯುತ್ತೆ.

ಅದೇ ವಾರಗಳಲ್ಲಿ ಊರಿನಲ್ಲಿ ದಸರಾ ಆನೆಗಳಿಗೂ ತಾಲೀಮು ನಡೀತಿತ್ತು. ಧನ್ವಂತ್ರಿ ರಸ್ತೆಯಲ್ಲಿ ಆನೆಗಳ ತೂಕ ಹಾಕಿದ್ದು ಪೇಪರಿನಲ್ಲಿ ಬಂತು. ಅಭಿಮನ್ಯು ಐದು ಸಾವಿರ ಕೆ.ಜಿ. ದಾಟಿದ್ದಾನೆ ಅಂತ ಆಫೀಸಿನಲ್ಲಿ ಎಲ್ಲ ಖುಷಿಯಾಗಿ ಮಾತಾಡ್ತಿದ್ದರು. ಕೆಂಪಿ ಬಂದಾಗ 11 ಕೆ.ಜಿ. 400 ಗ್ರಾಂ, ಆರನೇ ಸೂಜಿ ದಿನ 14 ಕೆ.ಜಿ. ನಾನು ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಕಾಡಿನಿಂದ ಬಂದ ಆನೆಗೆ ಎರಡು ತಿಂಗಳು ಜಾಗ ಕೊಟ್ಟು, ತೂಕ ನೋಡಿ, ಕುಶಾಲತೋಪಿನ ಸದ್ದಿಗೆ ಬೆದರದ ಹಾಗೆ ಅಭ್ಯಾಸ ಮಾಡಿಸಿ, ಹಬ್ಬ ಮುಗಿದ ಮೇಲೆ ಲಾರಿ ಹತ್ತಿಸಿ ವಾಪಸ್ ಕಳಿಸೋದು ಈ ಊರಿಗೆ ಚೆನ್ನಾಗಿ ಗೊತ್ತು. ಆ ಅನುಭವದಲ್ಲಿ ಚಿಟಿಕೆಯಷ್ಟು ನಾಯಿಗೆ ಯಾಕಿಲ್ಲ ಅನ್ನೋದು ನನ್ನ ಪ್ರಶ್ನೆ.

*

ಈಗ ಆಕ್ಷೇಪಣೆಗಳಿಗೆ ಬರ್ತೀನಿ. ಎಲ್ಲ ನನಗೇ ಮುಖಕ್ಕೆ ಹೇಳಿದ್ದು.

"ಮನುಷ್ಯರಿಗೇ ಗತಿ ಇಲ್ಲ, ನಾಯಿಗೆ ಬೇರೆ." ಈ ಮಾತು ಹೇಳಿದವರು ಮನುಷ್ಯರಿಗೆ ಏನು ಮಾಡ್ತಿದ್ದಾರೆ ಅಂತ ಕೇಳಿ ನೋಡಿ. ನನ್ನ ಅನುಭವದಲ್ಲಿ ಕೆ.ಆರ್. ಆಸ್ಪತ್ರೆ ಮುಂದೆ ರೋಗಿಗಳ ಕಡೆಯವರಿಗೆ ಊಟ ಹಂಚೋರು ಯಾರೂ ಈ ಮಾತು ಆಡಿಲ್ಲ.

"ಬೀದಿ ನಾಯಿ ಕಚ್ಚುತ್ತೆ, ರೇಬಿಸ್." ಇದು ಸುಳ್ಳು ಭಯ ಅಲ್ಲ, ನಾನು ಇದನ್ನು ಹಗುರ ಮಾಡಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕೋದು ಇಲ್ಲವೇ ಇಲ್ಲ ಅನ್ನಬಹುದು. ಕಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಓಡಬೇಕು. ಅರಿಶಿನ, ಸುಣ್ಣ ಹಚ್ಚೋದಲ್ಲ. ನಾಯಿ ಹಿಡಿದ ಮಗುವಿನ ತಾಯಿಗೆ ಕನಿಕರದ ಉಪನ್ಯಾಸ ಕೊಡೋ ನಾಯಿಪ್ರೇಮಿಗಳ ಮೇಲೂ ನನಗೆ ಸಿಟ್ಟಿದೆ. ಆದರೆ ಕೆಂಪಿ ನಮ್ಮ ಮನೆಯಿಂದ ಹೊರಟಾಗ ಅವಳಿಗೆ ರೇಬಿಸ್ ಲಸಿಕೆ ಆಗಿತ್ತು, ಆಪರೇಷನ್ ಆಗಿತ್ತು. ಬೀದಿಯಲ್ಲಿ ಒಂದು ನಾಯಿ ಕಮ್ಮಿ, ಮುಂದೆ ಹುಟ್ಟಬಹುದಾಗಿದ್ದ ಎಷ್ಟೋ ಮರಿ ಕಮ್ಮಿ. ನಿಮ್ಮ ಭಯಕ್ಕೆ ಇದಕ್ಕಿಂತ ನೇರವಾದ ಉತ್ತರ ಇದ್ದರೆ ಹೇಳಿ.

"ಸುಪ್ರೀಂ ಕೋರ್ಟೇ ಹೇಳಿದೆಯಲ್ಲ, ಎಲ್ಲ ಹಿಡಿದು ಶೆಡ್ಡಿಗೆ ಹಾಕಿ ಅಂತ." ಕೆಂಪಿಯ ಮೊದಲ ಸೂಜಿಯ ವಾರ ಇದನ್ನು ಎಷ್ಟು ಜನ ಹೇಳಿದರೋ. ಆಗಸ್ಟ್ 11ರ ಆ ಆದೇಶ ದೆಹಲಿ ಮತ್ತು ಸುತ್ತಮುತ್ತಲ ಊರುಗಳಿಗೆ. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ, ಲಸಿಕೆ ಮಾಡಿ, ರೇಬಿಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಮಿಕ್ಕವನ್ನು ಹಿಡಿದ ಜಾಗಕ್ಕೇ ಬಿಡಿ ಅಂದಿತು. 2023ರ ನಿಯಮಗಳಲ್ಲೂ ಹಿಡಿದ ಜಾಗಕ್ಕೇ ಬಿಡಬೇಕು ಅಂತಲೇ ಇದ್ದದ್ದು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆಯಿಂದ ಹಿಡಿದವನ್ನು ಮಾತ್ರ ಅಲ್ಲಿಗೇ ಮತ್ತೆ ಬಿಡಬಾರದು ಅಂದಿತು. ಆಗಸ್ಟ್ 22ರ ಆದೇಶದಲ್ಲಿ ಯಾವ ಟಿ.ವಿ.ಯೂ ಕೂಗಿ ಹೇಳದ ಒಂದು ಮಾತಿತ್ತು: ಪ್ರಾಣಿಪ್ರಿಯರು ಪಾಲಿಕೆಗೆ ಅರ್ಜಿ ಹಾಕಿ ಬೀದಿ ನಾಯಿಯನ್ನು ದತ್ತು ಪಡೆಯಬಹುದು, ಪಡೆದ ಮೇಲೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳೋ ಹೊಣೆ ಅವರದ್ದು. ನಾಯಿ ಬೇಡ ಅನ್ನೋರೂ, ಬೇಕು ಅನ್ನೋರೂ ಈ ಸಾಲನ್ನು ಓದಲಿಲ್ಲ. ಓದಿದ್ದರೆ ಇಬ್ಬರಿಗೂ ಕೆಲಸ ಹತ್ತುತ್ತಿತ್ತು.

"ಶೆಲ್ಟರ್ ಇದೆಯಲ್ಲ, ಅಲ್ಲಿಗೆ ಹಾಕಿ." ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲು ಇದೆ, ಪೀಪಲ್ ಫಾರ್ ಅನಿಮಲ್ಸ್‌ನವರು ಇದ್ದಾರೆ, ದೇವರಂಥ ಜನ. ಆದರೆ ಒಂದು ಊರಿನ ಗಾಯಾಳುಗಳನ್ನೆಲ್ಲ ಒಂದೆರಡು ಕಾಂಪೌಂಡಿಗೆ ತುಂಬೋಕಾಗುತ್ತಾ? ರಕ್ತಕಣ ಇಳಿದ ನಾಯಿಯನ್ನು ಪಾರ್ವೋ, ಡಿಸ್ಟೆಂಪರ್ ನಾಯಿಗಳ ಹತ್ತಿರ ಇಟ್ಟರೆ ಗಡ್ಡೆಯಿಂದ ಉಳಿದದ್ದು ಅದರಿಂದ ಹೋಗುತ್ತೆ. ಒಂದೊಂದು ಮನೆಯಲ್ಲಿ ಒಂದೊಂದು ನಾಯಿ ಅನ್ನೋದು ಬರೀ ದಯೆಯಲ್ಲ, ಸೋಂಕು ತಡೆಯೋ ಸರಿಯಾದ ದಾರಿ.

"ಬಾಡಿಗೆ ಮನೆ." ಇದೊಂದು ನಿಜವಾದ ಕಷ್ಟ, ಒಪ್ಪಿದೆ. ಹಾಗಾದರೆ ಸ್ವಂತ ಮನೆ, ಕಾಂಪೌಂಡ್, ಖಾಲಿ ಗ್ಯಾರೇಜ್ ಇರೋರು ಎಲ್ಲಿ? ಕುವೆಂಪುನಗರ, ಸರಸ್ವತಿಪುರಂ, ವಿಜಯನಗರಗಳಲ್ಲಿ ಮಕ್ಕಳು ಅಮೆರಿಕಕ್ಕೆ ಹೋಗಿ, ಮೇಲಿನ ಮಹಡಿಗೆ ಬೀಗ ಹಾಕಿರೋ ಮನೆಗಳು ಎಷ್ಟಿವೆ ಅಂತ ಸಂಜೆ ವಾಕಿಂಗ್ ಹೋದರೆ ಗೊತ್ತಾಗುತ್ತೆ. ಬಾಡಿಗೆಯವರು ಭಾನುವಾರ ಆಟೋ ಓಡಾಟ ವಹಿಸಿಕೊಳ್ಳಲಿ, ಸ್ವಂತದವರು ಗ್ಯಾರೇಜ್ ಕೊಡಲಿ.

*

ಇನ್ನು ನಮ್ಮವರಿಗೆ, ಅಂದರೆ ನಾಯಿ ಪ್ರೀತಿಸೋರಿಗೆ, ಎರಡು ಮಾತು.

ಕೆಂಪಿಗೆ ಮನೆ ಹುಡುಕಿದಾಗ ಬಂದ ಫೋನುಗಳು: "ಮರಿ ಇಲ್ವಾ?", "ಬಣ್ಣ ಬಿಳಿ ಇದ್ರೆ ಹೇಳಿ", "ಯಾವ ಬ್ರೀಡು?" ಒಬ್ಬರಂತೂ ಸೈಬೀರಿಯಾದ ಹಸ್ಕಿಯನ್ನು ತಂದು ನಮ್ಮ ಏಪ್ರಿಲ್ ಬಿಸಿಲಲ್ಲಿ ಏ.ಸಿ. ರೂಮಿನಲ್ಲಿ ಸಾಕ್ತಿದ್ದಾರೆ, ಅದಕ್ಕೊಂದು ಜೊತೆ ಬೇಕಂತೆ. ನಮ್ಮದೇ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂತು, 2020ರಲ್ಲಿ ಪ್ರಧಾನಿ ಮನದ ಮಾತಿನಲ್ಲಿ ಹೊಗಳಿದರು. ಆಗ ನಾವೆಲ್ಲ ಎದೆ ಉಬ್ಬಿಸಿದೆವು. ಬೀದಿಯ ಕಂತ್ರಿ ಅಂದ್ರೆ ಮಾತ್ರ ಮೂಗು ಮುರೀತೀವಿ. ಕಂತ್ರಿ ಅನ್ನೋದು ನಮ್ಮಲ್ಲಿ ಬೈಗುಳ ತಾನೇ. ಈ ನೆಲದ ಬಿಸಿಲು ಮಳೆಗೆ ಒಗ್ಗಿಕೊಂಡ ಮೈ ಅದು ಅನ್ನೋದು ಯಾರಿಗೂ ನೆನಪಾಗಲ್ಲ.

ಬೆಳೆದ ನಾಯಿಯನ್ನು ತಗೊಳ್ಳೋದರಲ್ಲಿ ಲಾಭವೇ ಜಾಸ್ತಿ. ಎಷ್ಟು ದೊಡ್ಡದಾಗುತ್ತೆ, ಮಕ್ಕಳ ಹತ್ತಿರ ಹೇಗಿರುತ್ತೆ, ಪಟಾಕಿಗೆ ಏನು ಮಾಡುತ್ತೆ ಎಲ್ಲ ಗೊತ್ತಿರುತ್ತೆ. ಮೂಲೆ ಕೊಟ್ಟವರು ಅದನ್ನೆಲ್ಲ ನೋಡಿರ್ತಾರೆ. ದೀಪಾವಳಿಗೆ ಕೆಂಪಿ ಬಚ್ಚಲಿನ ಹಂಡೆ ಹಿಂದೆ ಮೂರು ರಾತ್ರಿ ಕೂತಿದ್ದಳು. ಅದನ್ನು ಮುಚ್ಚಿಡದೆ ಹೇಳಿದೆ. ಗಡ್ಡೆ ಇದ್ದದ್ದನ್ನೂ ಹೇಳಿದೆ, ಕಾಗದಗಳೆಲ್ಲ ತೋರಿಸಿದೆ. ಕೇಳಿ ನಾಲ್ಕು ಜನ ಹಿಂದೆ ಸರಿದರು. ಸರಿಯಲಿ. ಮುಚ್ಚಿಟ್ಟು ಕೊಟ್ಟ ನಾಯಿ ಮೂರು ತಿಂಗಳಿಗೆ ರಿಂಗ್ ರೋಡಿನಲ್ಲಿ ಸಿಗುತ್ತೆ.

ಇನ್ನೊಂದು ಮಾತು ಕೆಲವರಿಗೆ ನೋವಾಗಬಹುದು. ಬಂದದ್ದನ್ನೆಲ್ಲ ತಮ್ಮಲ್ಲೇ ಇಟ್ಟುಕೊಂಡು ಹನ್ನೊಂದು ನಾಯಿ, ಹದಿನಾಲ್ಕು ನಾಯಿ ಸಾಕ್ತಿರೋರು ಇದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಹದಿನೈದನೆಯ ಗಾಯಾಳು ಬಂದಾಗ ಅವರ ಮನೆಯಲ್ಲೂ ಮೂಲೆ ಇಲ್ಲ. ಬಾಣಂತನದ ಮನೆ ಖಾಲಿಯಾಗುತ್ತಿದ್ದರೇನೇ ಮುಂದಿನ ಬಾಣಂತಿಗೆ ಜಾಗ.

ನವೆಂಬರ್ 9, ಭಾನುವಾರ, ಕೆಂಪಿಯನ್ನು ಕಳಿಸಿದೆ. ಟಿ. ನರಸೀಪುರ ರಸ್ತೆಯಲ್ಲಿ ಮನೆ ಕಟ್ಟಿಕೊಂಡಿರೋ ಒಂದು ರಿಟೈರ್ಡ್ ದಂಪತಿ. ಮೂರು ಸಲ ಬಂದು ನೋಡಿ ಹೋಗಿದ್ದರು. ಕಾರು ಹತ್ತುವಾಗ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ, ಕಿಟಕಿ ಕಡೆ ನೋಡ್ತಿದ್ದಳು. ನಾನು ಒಳಗೆ ಬಂದು ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಅತ್ತೆ. ಎದುರು ಮನೆಯವರು "ಅಷ್ಟು ದಿನ ಸಾಕಿ ಕೊಟ್ಟುಬಿಟ್ರಲ್ಲ, ನಿಮ್ಮದು ಕಲ್ಲು ಮನಸ್ಸು" ಅಂದರು. ಕರಿಯನಿಗೆ ಜಾಗ ಇಲ್ಲ ಅಂದಾಗ ನನ್ನದು ಕಲ್ಲು ಮನಸ್ಸು ಅಂತ ಯಾರೂ ಅಂದಿರಲಿಲ್ಲ.

ಮೂಲೆ ಈಗ ಖಾಲಿ ಇಲ್ಲ. ಬಲ್ಲಾಳ್ ಸರ್ಕಲ್ ನಾಯಿ ಅಲ್ಲಿದೆ, ಹಿಂಗಾಲಿಗೆ ಪ್ಲಾಸ್ಟರ್. ಐದು ವಾರ ಅಂದಿದ್ದಾರೆ. ಹಾಗಾಗಿ ಇನ್ನು ಐದು ವಾರ ನನಗೆ ಯಾವ ಫೋಟೋನೂ ಫಾರ್ವರ್ಡ್ ಮಾಡಬೇಡಿ. ಮಾಡಲೇಬೇಕು ಅನ್ನಿಸಿದರೆ, ಮೊದಲು ಎದ್ದು ಹೋಗಿ ನಿಮ್ಮ ಹಿತ್ತಲಿನ ಮೂಲೆ ಟೇಪು ಹಿಡಿದು ಅಳೆದು ಬನ್ನಿ. ಆರಡಿಗೆ ನಾಲ್ಕಡಿ ಇದ್ದರೆ ಸಾಕು.

ಏನಂತೀರಿ? ಅಳತೆ ಎಷ್ಟು ಬಂತು ಹೇಳಿ.